ಪದವಿ ಹೋಯಿತು, ಮಗಳ ಸರದಿ ಬರಲಿಲ್ಲ

ರಜೆಗೆಂದು ಬಂದಿದ್ದ ಮೊಮ್ಮಗಳು ‘ಡೌನ್‌ಟನ್ ಆಬಿ’ ಎಂಬ ಬ್ರಿಟಿಷ್ ಧಾರಾವಾಹಿಯನ್ನು ನೋಡುತ್ತಿದ್ದಳು. ಅದರಲ್ಲಿ ಒಬ್ಬ ಅರ್ಲ್ ಇದ್ದಾನೆ. ಅವನಿಗೆ ಮೂವರು ಹೆಣ್ಣುಮಕ್ಕಳು. ಗಂಡುಮಗನಿಲ್ಲದ ಕಾರಣ ಅವನ ಪದವಿ, ಮಹಲು, ಸಾವಿರಾರು ಎಕರೆ ಭೂಮಿ ಎಲ್ಲವೂ ಅವನು ಕಂಡೇ ಇರದ ದೂರದ ಸಂಬಂಧಿಯೊಬ್ಬನಿಗೆ ಹೋಗಬೇಕು. ‘ಮೂವರು ಮಕ್ಕಳಿದ್ದರೂ ಮಕ್ಕಳೇ ಇಲ್ಲದವರ ಹಾಗೆ ಯಾರನ್ನೋ ಹುಡುಕುತ್ತಿದ್ದಾರಲ್ಲ ಅಜ್ಜ?’ ಎಂದು ಆಕೆ ಕೇಳಿದಳು. ‘ಅದು ಇಂಗ್ಲೆಂಡಿನ ಹಳೆಯ ಪದ್ಧತಿ ಮಗಳೇ’ ಎಂದು ಹೇಳಿ ನಾನು ಮತ್ತೆ ಪತ್ರಿಕೆಯತ್ತ ತಿರುಗಿದೆ.

ನನ್ನ ಉತ್ತರ ಸುಳ್ಳಾಗಿರಲಿಲ್ಲ. ಆದರೆ ಪೂರ್ತಿ ಸತ್ಯವೂ ಆಗಿರಲಿಲ್ಲ. ರಾಣೆಬೆನ್ನೂರು ತಾಲ್ಲೂಕಿನ ಮೇಡ್ಲೇರಿಯಲ್ಲಿರುವ ನಮ್ಮ ಮನೆಯ ಟ್ರಂಕಿನಲ್ಲಿ 1998ರ ಒಂದು ಕಾಗದವಿದೆ. ಆ ಕಾಗದವನ್ನು ಬರೆಸಿದವನು ನಾನು. ಅದರ ವಿಷಯಕ್ಕೆ ಬರುವ ಮುನ್ನ ಇಂಗ್ಲೆಂಡಿನ ಪದ್ಧತಿಯನ್ನೂ ನಮ್ಮ ಪದ್ಧತಿಯನ್ನೂ ಅಕ್ಕಪಕ್ಕ ಇಟ್ಟು ನೋಡುವುದು ಒಳ್ಳೆಯದು.

ಇಂಗ್ಲೆಂಡಿನ ಶ್ರೀಮಂತ ವರ್ಗದ ಹೆಣ್ಣುಮಕ್ಕಳಿಗೆ ಬಿರುದುಗಳು ಇರಲಿಲ್ಲವೆಂದಲ್ಲ. ಡಚೆಸ್, ಕೌಂಟೆಸ್, ಬ್ಯಾರೊನೆಸ್ ಎಂಬ ಸಂಬೋಧನೆಗಳು ಅಲ್ಲಿನ ಚರಿತ್ರೆಯ ತುಂಬ ಕೇಳಿಸುತ್ತವೆ. ಆದರೆ ಅವುಗಳಲ್ಲಿ ಬಹುಪಾಲು ಗಂಡನಿಂದ ಬಂದ ಬಿರುದುಗಳು. ಸ್ವಂತ ಹಕ್ಕಿನಿಂದ ಪದವಿ ಪಡೆದ ಸ್ತ್ರೀಯರು ವಿರಳ. ಎಂಟನೆಯ ಹೆನ್ರಿ 1532ರಲ್ಲಿ ಆನ್ ಬೋಲಿನ್‌ಳನ್ನು ಪೆಂಬ್ರೋಕಿನ ಮಾರ್ಕ್ವಿಸ್ ಪದವಿಗೇರಿಸಿದ. ನಾಲ್ಕು ವರ್ಷಗಳಲ್ಲಿ ಆಕೆಯ ತಲೆ ಹೋಯಿತು. ಸಾಲ್ಸ್‌ಬರಿಯ ಕೌಂಟೆಸ್ ಪದವಿಯನ್ನು ತನ್ನದೇ ಹಕ್ಕಿನಿಂದ ಮರಳಿ ಪಡೆದಿದ್ದ ಮಾರ್ಗರೆಟ್ ಪೋಲ್‌ಗೂ 1541ರಲ್ಲಿ ಅದೇ ಗತಿಯಾಯಿತು. ಗಂಡುಮಕ್ಕಳಿಲ್ಲದ ಮಾರ್ಲ್‌ಬರೊ ಡ್ಯೂಕನ ಪದವಿ 1722ರಲ್ಲಿ ಮಗಳು ಹೆನ್ರಿಯೆಟ್ಟಾಳಿಗೆ ಬಂದದ್ದು ಸಂಸತ್ತು ಮಾಡಿಕೊಟ್ಟ ವಿಶೇಷ ಕಾನೂನಿನಿಂದ. ನಮ್ಮ ದೇಶದ ಕೊನೆಯ ವೈಸರಾಯ್ ಮೌಂಟ್‌ಬ್ಯಾಟನ್ ಅವರ ಪದವಿ 1979ರಲ್ಲಿ ಹಿರಿಯ ಮಗಳು ಪೆಟ್ರಿಷಿಯಾಗೆ ದಕ್ಕಿದ್ದೂ ಅಂಥದೇ ವಿಶೇಷ ಏರ್ಪಾಡಿನಿಂದ. ಸ್ಕಾಟ್ಲೆಂಡಿನ ಕೆಲವು ಪದವಿಗಳನ್ನೂ ಇಂಗ್ಲೆಂಡಿನ ಕೆಲವು ಹಳೆಯ ಬ್ಯಾರನ್ ಪದವಿಗಳನ್ನೂ ಬಿಟ್ಟರೆ ಉಳಿದವು ಗಂಡು ಸಂತಾನದ ದಾರಿಯನ್ನೇ ಹಿಡಿಯುತ್ತವೆ.

ಆ ಹಳೆಯ ಬ್ಯಾರನ್ ಪದವಿಗಳ ನಿಯಮ ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಬಹಳ ಕುತೂಹಲಕರ. ಗಂಡುಮಕ್ಕಳಿಲ್ಲದೆ ಇಬ್ಬರು ಹೆಣ್ಣುಮಕ್ಕಳಿದ್ದರೆ ಇಬ್ಬರೂ ಸಮಾನ ಹಕ್ಕುದಾರರು. ಪದವಿಯನ್ನು ತುಂಡು ಮಾಡಲು ಬಾರದು. ಆದ್ದರಿಂದ ಅದು ಯಾರಿಗೂ ಸೇರದೆ ತೂಗುಬೀಳುತ್ತದೆ, ಕೆಲವೊಮ್ಮೆ ಶತಮಾನಗಳವರೆಗೆ. ಅಲ್ಲಿಯವರ ವಾದದ ಬೇರು ಇಲ್ಲಿದೆ: ಪದವಿ ಒಡೆಯಲಾಗದ ವಸ್ತು, ಆ ಪದವಿಯ ಗೌರವಕ್ಕೆ ಆಧಾರವಾದ ಭೂಮಿಯೂ ಒಡೆಯಬಾರದು, ಆದ್ದರಿಂದ ಒಬ್ಬನಿಗೇ ಎಲ್ಲವೂ ಹೋಗಲಿ, ಆ ಒಬ್ಬ ಗಂಡಸಾಗಿರಲಿ. ಈ ವಾದದ ಮೊದಲರ್ಧದಲ್ಲಿ ತರ್ಕವಿದೆ. ಕೊನೆಯ ತುಂಡಿನಲ್ಲಿ ರೂಢಿಯ ಹೊರತು ಬೇರೇನೂ ಇಲ್ಲ.

ರೂಢಿ ಎಷ್ಟು ಗಟ್ಟಿಯೆಂಬುದಕ್ಕೆ 1922ರ ಪ್ರಸಂಗವೊಂದು ಸಾಕು. ತಂದೆಯಿಂದ ವಿಶೇಷ ಏರ್ಪಾಡಿನ ಮೂಲಕ ವೈಕೌಂಟೆಸ್ ಪದವಿ ಪಡೆದಿದ್ದ ಲೇಡಿ ರೋಂಡಾ, ಲಾರ್ಡ್ಸ್ ಸಭೆಯಲ್ಲಿ ತನಗೆ ಆಸನ ಬೇಕೆಂದು ಕೇಳಿದರು. ಸ್ತ್ರೀಯೆಂಬ ಕಾರಣದಿಂದ ಸಾರ್ವಜನಿಕ ಹುದ್ದೆ ನಿರಾಕರಿಸಬಾರದೆಂಬ ಕಾನೂನು 1919ರಲ್ಲೇ ಬಂದಿತ್ತು. ಆದರೂ ಅವರ ಕೋರಿಕೆ ತಿರಸ್ಕೃತವಾಯಿತು. ಸ್ವಂತ ಹಕ್ಕಿನ ಪದವಿಯುಳ್ಳ ಸ್ತ್ರೀಯರು ಆ ಸಭೆಯಲ್ಲಿ ಕೂರಲು 1963ರವರೆಗೆ ಕಾಯಬೇಕಾಯಿತು. ಅಷ್ಟರಲ್ಲಿ ಲೇಡಿ ರೋಂಡಾ ತೀರಿಕೊಂಡು ಐದು ವರ್ಷಗಳಾಗಿದ್ದವು. ರಾಜಸಿಂಹಾಸನಕ್ಕೆ ಸಂಬಂಧಿಸಿದಂತೆ ಹಿರಿಯ ಸಂತಾನ ಹೆಣ್ಣಾದರೂ ಆಕೆಗೇ ಹಕ್ಕೆಂದು 2013ರಲ್ಲಿ ಕಾನೂನಾಯಿತು. ಕೆಳಗಿನ ಶ್ರೀಮಂತರ ಪದವಿಗಳಿಗೆ ಆ ತಿದ್ದುಪಡಿಯನ್ನು ವಿಸ್ತರಿಸಲಿಲ್ಲ. ಎರಡನೆಯ ಎಲಿಜಬೆತ್ ಎಪ್ಪತ್ತು ವರ್ಷ ಆಳಿದ್ದು ಆಕೆಗೆ ತಮ್ಮ ಹುಟ್ಟಲಿಲ್ಲವೆಂಬ ಆಕಸ್ಮಿಕದಿಂದ ಎಂಬುದನ್ನು ಮರೆಯಬಾರದು.

ಇನ್ನು ನಮ್ಮ ಕಡೆಗೆ ಬರೋಣ. ನಮ್ಮ ನಾಡಿನ ಚರಿತ್ರೆ ಈ ವಿಷಯದಲ್ಲಿ ಇಂಗ್ಲೆಂಡಿಗಿಂತ ಬಡವಾಗಿಲ್ಲ. ಹನ್ನೊಂದನೆಯ ಶತಮಾನದಲ್ಲಿ ಕಲ್ಯಾಣ ಚಾಲುಕ್ಯರ ಅಕ್ಕಾದೇವಿ ಕಿಸುಕಾಡನ್ನು ಆಳಿದಳು; ‘ಗುಣದ ಬೆಡಂಗಿ’ ಎಂದು ಬಿರುದಾಂಕಿತಳಾದಳು; 1047ರಲ್ಲಿ ಗೋಕಾಕದ ಕೋಟೆಗೆ ಮುತ್ತಿಗೆ ಹಾಕಿದಳು. ಲಕ್ಕುಂಡಿಯ ಬಸದಿಯನ್ನು ಕಟ್ಟಿಸಿದ ಅತ್ತಿಮಬ್ಬೆ ‘ದಾನಚಿಂತಾಮಣಿ’ ಎನಿಸಿಕೊಂಡಳು. ಈ ಬಿರುದುಗಳು ಗಂಡನಿಂದ ಬಂದವಲ್ಲ, ತಂದೆಯಿಂದಲೂ ಬಂದವಲ್ಲ. ಕೆಳದಿಯಲ್ಲಿ ಚೆನ್ನಮ್ಮಾಜಿ ಗಂಡ ತೀರಿಕೊಂಡ ಮೇಲೆ ಹದಿನೇಳನೆಯ ಶತಮಾನದ ಕೊನೆಯ ಕಾಲಭಾಗದಲ್ಲಿ ಸುಮಾರು 25 ವರ್ಷ ರಾಜ್ಯವಾಳಿದಳು. ತುಳುನಾಡಿನಲ್ಲಂತೂ ಅಳಿಯಸಂತಾನ ಪದ್ಧತಿಯಿಂದ ಹಕ್ಕು ಹೆಣ್ಣಿನ ಸಂತತಿಯಲ್ಲೇ ಹರಿಯುತ್ತಿತ್ತು. ಉಳ್ಳಾಲದ ಅಬ್ಬಕ್ಕ ಚೌಟ ಮನೆತನದ ಉತ್ತರಾಧಿಕಾರಿಯಾದದ್ದು ಸೋದರಮಾವನ ಕಡೆಯಿಂದ. ಅಲ್ಲಿ ಕುಟುಂಬದ ಆಡಳಿತಕ್ಕೆ ಯಜಮಾನನಿದ್ದಂತೆ ಯಜಮಾನ್ತಿಯೂ ಇರಬಹುದಾಗಿತ್ತು.

ಕಿತ್ತೂರಿನ ಕಥೆ ನಮಗೆಲ್ಲ ಗೊತ್ತು. ಆದರೆ ಅದರ ಕಾನೂನಿನ ತಿರುಳನ್ನು ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ. 1824ರ ಸೆಪ್ಟೆಂಬರಿನಲ್ಲಿ ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡಾಗ ಚೆನ್ನಮ್ಮ ಕೇಳಿದ್ದು ದತ್ತಕದ ಮಾನ್ಯತೆಯನ್ನು. ದತ್ತಕವೆಂಬುದು ಗಂಡು ಸಂತಾನವಿಲ್ಲದ ಮನೆಯ ವಿಧವೆಯ ಕೈಯಲ್ಲಿದ್ದ ಏಕೈಕ ಸಾಧನ. ಇಂಗ್ಲೆಂಡಿನ ವಿಧವೆಗೆ ಅಂಥ ಸಾಧನವೇ ಇರಲಿಲ್ಲ. ಅಲ್ಲಿ ದತ್ತುಮಗನಿಗೆ ಪದವಿ ಹೋಗುವುದಿಲ್ಲ. ತನ್ನ ದೇಶದ ಕಣ್ಣಿನಿಂದ ನೋಡಿದ ಥ್ಯಾಕರೆಗೆ ದತ್ತಕ ಒಂದು ಮೋಸದಂತೆ ಕಂಡಿತು. ಅಕ್ಟೋಬರ್ 23ರಂದು ಅವನು ಹತನಾದ. ಡಿಸೆಂಬರಿನಲ್ಲಿ ಕಿತ್ತೂರು ಬಿದ್ದಿತು. ಚೆನ್ನಮ್ಮ 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡಳು.

ರಾಣಿಯರ ಕಥೆ ಇಷ್ಟಕ್ಕೆ ಸಾಕು. ಊರ ಮಟ್ಟದ ಪದವಿಗಳನ್ನು ನೋಡಿ. ಮುಂಬೈ ಕರ್ನಾಟಕದಲ್ಲಿ ಗೌಡಿಕೆ, ಕುಲಕರ್ಣಿಕೆ, ದೇಸಗತಿಗಳು ವಂಶಪಾರಂಪರ್ಯವಾಗಿ ನಡೆದು ಬಂದ ವತನಗಳು. ಪದವಿಯ ಜೊತೆಗೆ ಭೂಮಿ ಇರುತ್ತಿತ್ತು. ಪಾಟೀಲ, ದೇಸಾಯಿ, ಕುಲಕರ್ಣಿ, ನಾಡಗೌಡ ಎಂದು ಇಂದು ನಾವು ಹೆಸರಿನ ಮುಂದೆ ಬರೆದುಕೊಳ್ಳುವ ಅಡ್ಡಹೆಸರುಗಳೆಲ್ಲ ಒಂದು ಕಾಲದ ಹುದ್ದೆಗಳೇ. ಗೌಡನ ಹೆಂಡತಿ ಗೌಡಸಾನಿ ಎನಿಸಿಕೊಳ್ಳುತ್ತಿದ್ದಳು, ಅರ್ಲ್‌ನ ಹೆಂಡತಿ ಕೌಂಟೆಸ್ ಎನಿಸಿಕೊಂಡ ಹಾಗೆ. ಗೌಡನ ಮಗಳು ಏನಾಗುತ್ತಿದ್ದಳು? ಬೇರೆ ಊರಿನ ಗೌಡಸಾನಿ.

ಈ ವತನಗಳಿಗಾಗಿ ಮುಂಬೈ ಸರ್ಕಾರ 1874ರಲ್ಲಿ ಒಂದು ಕಾಯ್ದೆ ಮಾಡಿತು. ಹನ್ನೆರಡು ವರ್ಷಗಳ ಬಳಿಕ, 1886ರ ಐದನೆಯ ಕಾಯ್ದೆಯಿಂದ ಅದನ್ನು ತಿದ್ದಿತು. ಆ ತಿದ್ದುಪಡಿಯ ಸಾರಾಂಶವಿಷ್ಟು: ಕೊನೆಯ ಪುರುಷ ವತನದಾರನ ವಿಧವೆಯೊಬ್ಬಳನ್ನು ಬಿಟ್ಟು, ವತನ ಕುಟುಂಬದ ಬೇರೆ ಯಾವ ಸ್ತ್ರೀಯೇ ಆಗಲಿ, ಸ್ತ್ರೀಯ ಮೂಲಕ ಹಕ್ಕು ಕೇಳುವ ಯಾರೇ ಆಗಲಿ, ವಾರಸಾ ಕ್ರಮದಲ್ಲಿ ಅರ್ಹ ಪುರುಷರೆಲ್ಲರ ಹಿಂದೆ ನಿಲ್ಲತಕ್ಕದ್ದು. ವಿಧವೆಯ ಹಕ್ಕಾದರೂ ಆಕೆ ಬದುಕಿರುವವರೆಗೆ ಅಥವಾ ಮರುಮದುವೆಯಾಗುವವರೆಗೆ ಮಾತ್ರ. ಹಿಂದೂ ಧರ್ಮಶಾಸ್ತ್ರದ ಮುಂಬೈ ಸಂಪ್ರದಾಯ ಹೆಣ್ಣುಮಕ್ಕಳ ಬಗ್ಗೆ ಇತರ ಪ್ರಾಂತಗಳಿಗಿಂತ ಉದಾರವಾಗಿತ್ತು. ತಂದೆಯಿಂದ ಬಂದ ಆಸ್ತಿಯಲ್ಲಿ ಮಗಳಿಗೆ ಪೂರ್ಣ ಒಡೆತನವನ್ನು ಅದು ಒಪ್ಪುತ್ತಿತ್ತು. ಆ ಔದಾರ್ಯದಿಂದ ವತನಗಳನ್ನು ಹೊರಗಿಡುವ ಕೆಲಸವನ್ನು ಈ ಕಾಯ್ದೆ ಮಾಡಿತು.

ಇಸವಿಗಳನ್ನು ಗಮನಿಸಿ. ಮದುವೆಯಾದ ಹೆಣ್ಣು ತನ್ನ ಹೆಸರಿನಲ್ಲಿ ಆಸ್ತಿ ಹೊಂದಬಹುದೆಂಬ ಸುಧಾರಣೆಯನ್ನು ಬ್ರಿಟಿಷ್ ಸಂಸತ್ತು ತನ್ನ ನಾಡಿನ ಹೆಣ್ಣುಮಕ್ಕಳಿಗಾಗಿ ಮಾಡಿದ್ದು 1882ರಲ್ಲಿ. ಅದೇ ಸಾಮ್ರಾಜ್ಯದ ಮುಂಬೈ ಸರ್ಕಾರ ಧಾರವಾಡ ಜಿಲ್ಲೆಯ ಗೌಡನ ಮಗಳನ್ನು ಸಾಲಿನ ಕೊನೆಗೆ ಕಳುಹಿಸಿದ್ದು ನಾಲ್ಕು ವರ್ಷಗಳ ನಂತರ. ಆಗ ಆ ಸಾಮ್ರಾಜ್ಯದ ಒಡತಿ ವಿಕ್ಟೋರಿಯಾ ಎಂಬ ಹೆಣ್ಣುಮಗಳು! ಆದರೆ ಹೊಣೆಯನ್ನೆಲ್ಲ ಪರಂಗಿಯವರ ತಲೆಗೆ ಕಟ್ಟಿ ನಾವು ಕೈತೊಳೆದುಕೊಳ್ಳುವಂತಿಲ್ಲ. ವತನ ಮನೆಬಿಟ್ಟು ಅಳಿಯಂದಿರ ಪಾಲಾಗಬಾರದೆಂಬುದು ವತನದಾರ ಮನೆತನಗಳ ಮನಸ್ಸಿಗೂ ಒಪ್ಪಿದ ಮಾತಾಗಿತ್ತು.

ಈ ಏರ್ಪಾಡು ಸ್ವಾತಂತ್ರ್ಯಾನಂತರ ಕಳಚಿತು. ದೇಸಗತಿ, ಕುಲಕರ್ಣಿ ವತನಗಳು 1950ರ ಕಾಯ್ದೆಯಿಂದ ಹೋದವು. ಗೌಡಿಕೆಯೂ ಸೇರಿದಂತೆ ಉಳಿದ ಗ್ರಾಮ ಹುದ್ದೆಗಳು 1961ರ ಕಾಯ್ದೆಯ ಪ್ರಕಾರ 1963ರ ಫೆಬ್ರುವರಿ 1ರಿಂದ ಇಲ್ಲವಾದವು. ಜಮೀನುಗಳು ಸರ್ಕಾರಕ್ಕೆ ಸೇರಿ, ನಿಗದಿಯಾದ ಹಣ ಕಟ್ಟಿದ ಹಳೆಯ ವತನದಾರರಿಗೆ ಮರುಮಂಜೂರಾದವು. ಧಾರವಾಡ ಜಿಲ್ಲೆಯ ದೇಸಗತಿಯೊಂದರ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟ್ 1982ರಲ್ಲಿ ಸ್ಪಷ್ಟವಾಗಿ ಹೇಳಿತು: ಹಿರಿಯ ಮಗನಿಗೇ ಎಲ್ಲವೂ ಎಂಬ ರೂಢಿ ವತನದ ಜೊತೆಗೆ ಮುಗಿಯಿತು, ಭೂಮಿ ಇನ್ನು ಕುಟುಂಬದ ಸಾಮಾನ್ಯ ಆಸ್ತಿ, ಅದನ್ನು ಪಾಲು ಮಾಡಬಹುದು. ಒಡೆಯಲಾಗದ ಪದವಿ ಹೋಯಿತು. ಒಡೆಯಬಹುದಾದ ಹೊಲ ಉಳಿಯಿತು. ಹಾಗಾದರೆ ಹೆಣ್ಣುಮಗಳನ್ನು ಹಿಂದೆ ನಿಲ್ಲಿಸಲು ಇದ್ದ ಒಂದೇ ಒಂದು ನೆಪವೂ ಹೋಯಿತು ಎಂದಾಯಿತಲ್ಲವೇ?

ಇಲ್ಲ. ಈಗ ಟ್ರಂಕಿನ ಕಾಗದದ ವಿಷಯ ಹೇಳುತ್ತೇನೆ.

ನಮ್ಮದು ಗೌಡಿಕೆಯಲ್ಲಿ ಸಣ್ಣ ತಕ್ಷೀಮು ಇದ್ದ ಮನೆ. ತಂದೆಯವರು ತೀರಿಕೊಂಡಾಗ ಹದಿನೆಂಟು ಎಕರೆ ಎರೆಹೊಲವಿತ್ತು. ಮಕ್ಕಳು ಮೂವರು: ಅಕ್ಕ, ನಾನು, ತಮ್ಮ. ತಾಯಿ ಮೊದಲೇ ಹೋಗಿದ್ದರು. ಅಕ್ಕನ ಮದುವೆ 1970ರ ದಶಕದಲ್ಲಿ ಆಗಿತ್ತು. ಹೆಣ್ಣುಮಕ್ಕಳನ್ನು ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲುದಾರರನ್ನಾಗಿ ಮಾಡಿದ ಕರ್ನಾಟಕದ 1994ರ ತಿದ್ದುಪಡಿ, ಅಷ್ಟರೊಳಗೆ ಮದುವೆಯಾದವರನ್ನು ಹೊರಗಿಟ್ಟಿತ್ತು. ಆದರೂ 1956ರ ಕಾಯ್ದೆಯಂತೆ ತಂದೆಯ ಪಾಲಿನಲ್ಲಿ ಅಕ್ಕನಿಗೆ ಮೂರನೆಯ ಒಂದು ಭಾಗವಿತ್ತು. ಲೆಕ್ಕ ಸರಳ: ತಂದೆ ಮತ್ತು ಇಬ್ಬರು ಗಂಡುಮಕ್ಕಳಿಗೆ ತಲಾ ಆರು ಎಕರೆ, ತಂದೆಯ ಆರರಲ್ಲಿ ಅಕ್ಕನಿಗೆ ಎರಡು.

ಆ ಎರಡು ಎಕರೆಯನ್ನೂ ಅಕ್ಕನಿಗೆ ಕೊಡಲಿಲ್ಲ. ನಾನಾಗ ಕಂದಾಯ ಇಲಾಖೆಯ ಅಧಿಕಾರಿ. ಕಾನೂನು ನನಗೆ ಗೊತ್ತಿರಲಿಲ್ಲವೆಂದು ಹೇಳುವ ಅವಕಾಶವೂ ನನಗಿಲ್ಲ. ಹಕ್ಕು ಬಿಡುಗಡೆ ಪತ್ರವನ್ನು ನಾನೇ ಬರೆಸಿದೆ, ನಾವಿಬ್ಬರು ತಮ್ಮಂದಿರು ಒಂಬತ್ತೊಂಬತ್ತು ಎಕರೆ ಪಾಲು ಮಾಡಿಕೊಂಡು ನೋಂದಾಯಿಸಿದೆವು. ಸಹಿ ಹಾಕಿದ ದಿನ ಅಕ್ಕನಿಗೆ ಇಳಕಲ್ ಸೀರೆ ಕೊಟ್ಟು ಉಡಿ ತುಂಬಿಸಿದೆವು. ‘ನನಗ ಹೊಲ ಬ್ಯಾಡೋ ತಮ್ಮಾ, ಪಂಚಮಿಗೆ ಕರಿಯಾಕ ಬರೂದು ಬಿಡಬ್ಯಾಡ್ರಿ, ಅಷ್ಟ ಸಾಕು’ ಎಂದಳು. ಆಕೆಯ ತ್ಯಾಗಬುದ್ಧಿಯನ್ನು ಬಂಧುಗಳೆಲ್ಲ ಹೊಗಳಿದರು. ನಾನೂ ಹೊಗಳಿದೆ.

ಕೆಲವು ವರ್ಷಗಳ ಬಳಿಕ ಭಾವನವರಿಗೆ ಮೂತ್ರಪಿಂಡದ ಕಾಯಿಲೆ ಬಂತು. ಅಕ್ಕ ಹಣ ಕೇಳಲು ನಮ್ಮ ಮನೆಗೆ ಬಂದಳು. ಒಳಗೆ ಬಂದು ಕೂರದೆ ಪಡಸಾಲೆಯ ಕಂಬಕ್ಕೆ ಒರಗಿ ನಿಂತು ಕೇಳಿದಳು. ಕೊಟ್ಟೆ. ‘ಬೆಳಿ ಬಂದ ಕೂಡ್ಲೆ ತೀರಸ್ತೀನಿ’ ಎಂದಳು. ಎರಡು ಎಕರೆ ತನ್ನ ಹೆಸರಿನಲ್ಲಿದ್ದಿದ್ದರೆ ಬ್ಯಾಂಕಿಗೆ ಹೋಗುತ್ತಿದ್ದ ಹೆಣ್ಣುಮಗಳು, ತನ್ನದೇ ಹಣವನ್ನು ತಮ್ಮನ ಉಪಕಾರವೆಂದು ತೆಗೆದುಕೊಂಡು, ಸಾಲವೆಂದು ಬರೆದಿಟ್ಟುಕೊಂಡು, ಮೂರು ವರ್ಷಗಳಲ್ಲಿ ತೀರಿಸಿದಳು. ನಾನು ಬೇಡವೆಂದರೂ ಕೇಳಲಿಲ್ಲ.

ನಮ್ಮ ಮನೆಯದು ಅಪರೂಪದ ಸಂಗತಿಯಾಗಿದ್ದರೆ ಅದನ್ನು ಇಲ್ಲಿ ಬರೆಯುತ್ತಿರಲಿಲ್ಲ. ಸೇವಾವಧಿಯಲ್ಲಿ ನಾನು ಕಂಡ ಬಿಡುಗಡೆ ಪತ್ರಗಳಿಗೆ ಲೆಕ್ಕವಿಲ್ಲ. ತಂದೆಯ ಉತ್ತರಕ್ರಿಯೆಗೆ ಬಂದ ಹೆಣ್ಣುಮಕ್ಕಳನ್ನು ಊರಿಗೆ ಮರಳುವ ಮುನ್ನ ನೋಂದಣಿ ಕಚೇರಿಗೆ ಕರೆತರುವುದು ಒಂದು ವಿಧಿಯಂತೆಯೇ ನಡೆಯುತ್ತಿತ್ತು. ಅದಕ್ಕಿಂತ ಅಗ್ಗದ ಮಾರ್ಗ ಇನ್ನೊಂದಿತ್ತು: ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರನ್ನೇ ಬರೆಸದಿರುವುದು. ನಾನು ಕೆಲಸ ಮಾಡಿದ ತಾಲ್ಲೂಕೊಂದರಲ್ಲಿ ಒಬ್ಬ ತಲಾಟಿಯನ್ನು ಈ ಬಗ್ಗೆ ಗದರಿಸಿದಾಗ ಆತ ತಣ್ಣಗೆ, ‘ಸಾಹೇಬ್ರ, ಹೆಣ್ಣುಮಕ್ಕಳ ಹೆಸರು ಹಾಕಿದ್ರ ಜಗಳ ಹಚ್ಚಿದ ಅಂತ ನನ್ನನ್ನ ಬೈತಾರ್ರೀ’ ಎಂದ. ನನಗೆ ಮರುಮಾತು ಹೊರಡಲಿಲ್ಲ. ನನ್ನ ಟ್ರಂಕಿನ ಕಾಗದ ನೆನಪಾಗಿತ್ತು.

ಕಾನೂನು ಆ ಬಳಿಕ ಬಹಳ ಮುಂದೆ ಹೋಗಿದೆ. 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಕೇಂದ್ರದ ತಿದ್ದುಪಡಿ ಮದುವೆಯಾದವಳು, ಆಗದವಳು ಎಂಬ ಭೇದವನ್ನು ತೆಗೆಯಿತು. ವಿನೀತಾ ಶರ್ಮಾ ಪ್ರಕರಣದಲ್ಲಿ 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್, ಮಗಳ ಹಕ್ಕು ಹುಟ್ಟಿನಿಂದಲೇ ಬರುವಂಥದು, ಆ ದಿನ ತಂದೆ ಬದುಕಿರಬೇಕೆಂದೇನೂ ಇಲ್ಲ ಎಂದು ತೀರ್ಮಾನಿಸಿತು. 2004ರ ಡಿಸೆಂಬರ್ 20ಕ್ಕೆ ಮುಂಚಿನ ನೋಂದಾಯಿತ ಪಾಲುಗಳನ್ನು ಮಾತ್ರ ಅದು ಮುಟ್ಟುವುದಿಲ್ಲ. ಅಂದರೆ ನಮ್ಮ ಹೊಲ ಪಾಲಾಗದೆ ಉಳಿದಿದ್ದರೆ ಅಕ್ಕನದು ಆರು ಎಕರೆ. ನಮ್ಮ 1998ರ ಕಾಗದ ನಮ್ಮನ್ನು ಕಾನೂನಿನಿಂದ ಕಾಪಾಡಿತು.

ಕಾಗದದ ಮೇಲಿನ ಹಕ್ಕಿಗೂ ಉತಾರದಲ್ಲಿನ ಹೆಸರಿಗೂ ಇರುವ ಅಂತರವನ್ನು ಅಂಕಿಅಂಶಗಳೂ ಹೇಳುತ್ತವೆ. 2015–16ರ ಕೃಷಿ ಗಣತಿಯಂತೆ ದೇಶದ ಸಾಗುವಳಿ ಹಿಡುವಳಿಗಳಲ್ಲಿ ಮಹಿಳೆಯರ ಕೈಯಲ್ಲಿದ್ದವು ಸುಮಾರು ಶೇ. 14. ಕರ್ನಾಟಕ, ಮಹಾರಾಷ್ಟ್ರಗಳ 1994ರ ತಿದ್ದುಪಡಿಯ ಫಲವನ್ನು ಅಳೆದ ಅರ್ಥಶಾಸ್ತ್ರಜ್ಞರು, ಹೆಣ್ಣುಮಕ್ಕಳಿಗೆ ಭೂಮಿ ಬರುವ ಸಾಧ್ಯತೆ ಹೆಚ್ಚಿತು, ಅವರ ಓದು ಹೆಚ್ಚಿತು, ಮದುವೆಯ ವಯಸ್ಸು ಮುಂದೆ ಹೋಯಿತು ಎಂದು ಕಂಡುಕೊಂಡಿದ್ದಾರೆ. ಆದರೆ ಗಂಡುಮಕ್ಕಳ ಸಮಕ್ಕೆ ಬರಲಿಲ್ಲವೆಂದೂ ಹೇಳಿದ್ದಾರೆ. ಭೂಮಿಯ ಒಡೆತನವಿರುವ ಹೆಣ್ಣಿನ ಮಾತಿಗೆ ಮನೆಯೊಳಗೆ ತೂಕ ಬರುತ್ತದೆಂಬುದನ್ನು ಬೀನಾ ಅಗರವಾಲ್ ಅವರು ಮೂರು ದಶಕಗಳ ಹಿಂದೆಯೇ ವಿಸ್ತಾರವಾಗಿ ತೋರಿಸಿಕೊಟ್ಟಿದ್ದಾರೆ.

ಇದಕ್ಕೆ ಎದುರಾಗಿ ಬರುವ ವಾದಗಳು ಮೂರು. ಹೆಣ್ಣುಮಕ್ಕಳಿಗೂ ಪಾಲು ಕೊಟ್ಟರೆ ಹಿಡುವಳಿ ಚೂರಾಗುತ್ತದೆ ಎಂಬುದು ಮೊದಲನೆಯದು. ನಾಲ್ವರು ಗಂಡುಮಕ್ಕಳು ಎಂಟು ಎಕರೆಯನ್ನು ಹರಿದು ಹಂಚಿಕೊಂಡಾಗ ಈ ಕಾಳಜಿಯನ್ನು ಯಾರೂ ಎತ್ತಿದ್ದನ್ನು ನಾನು ಕಂಡಿಲ್ಲ. ಒಡೆತನ ಹಂಚುವುದು ಬೇರೆ, ಸಾಗುವಳಿ ಹಂಚುವುದು ಬೇರೆ; ಅಕ್ಕನ ಹೆಸರಿನ ಹೊಲವನ್ನು ತಮ್ಮನೇ ಉತ್ತು ಪೀಕಿನ ಪಾಲನ್ನು ಆಕೆಗೆ ಕೊಡುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಮದುವೆಯ ಖರ್ಚೇ ಮಗಳ ಪಾಲು ಎಂಬುದು ಎರಡನೆಯದು. ವರದಕ್ಷಿಣೆ 1961ರಿಂದ ಅಪರಾಧ. ಅದು ಹೋಗುವುದು ಬೀಗರ ಮನೆಗೆ, ಮಗಳ ಹೆಸರಿಗಲ್ಲ. ಮದುವೆಯ ಊಟ ಮರುದಿನಕ್ಕೆ ಉಳಿಯುವುದಿಲ್ಲ, ಹೊಲ ಮೊಮ್ಮಕ್ಕಳ ಕಾಲಕ್ಕೂ ಉಳಿಯುತ್ತದೆ.

ಮೂರನೆಯದು ತವರಿನ ಬಾಂಧವ್ಯದ ವಾದ. ಪಾಲು ಕೇಳಿದರೆ ತವರಿನ ಬಾಗಿಲು ಮುಚ್ಚುತ್ತದೆಂಬ ಭಯ ಸುಳ್ಳಲ್ಲ; ಮುಚ್ಚಿದ ಬಾಗಿಲುಗಳನ್ನು ನಾನು ನೋಡಿದ್ದೇನೆ. ಆದರೆ ಬಾಗಿಲು ಹಾಕಿಕೊಳ್ಳುವವರು ಗಂಡಸರು. ನಾವೇ ಹೆದರಿಸಿ, ಹೆದರಿ ಸಹಿ ಹಾಕಿದವಳನ್ನು ತ್ಯಾಗಮಯಿ ಎಂದು ಹೊಗಳುತ್ತೇವೆ. ಪಂಚಮಿಗೆ ಕರೆಯಲು ಹೋಗುವುದಕ್ಕೆ ಎರಡು ಎಕರೆ ಬೆಲೆ ಕಟ್ಟಿದವರು ನಾವು.

ಆಡಳಿತದ ಮಟ್ಟದಲ್ಲಿ ಮಾಡಬಹುದಾದ ಕೆಲವು ಕೆಲಸಗಳಿವೆ. ಹೆಣ್ಣುಮಕ್ಕಳ ಹೆಸರು ಬಿಟ್ಟ ವಂಶವೃಕ್ಷಕ್ಕೆ ಅದನ್ನು ಕೊಟ್ಟ ಅಧಿಕಾರಿಯನ್ನೇ ಹೊಣೆ ಮಾಡಬೇಕು. ಪೌತಿ ಖಾತೆಯಲ್ಲಿ ಎಲ್ಲ ಮಕ್ಕಳ ಹೆಸರು ಮೊದಲು ದಾಖಲಾಗಿ ಉತಾರ ಹೆಣ್ಣುಮಗಳ ಕೈಗೆ ಬಂದ ಮೇಲಷ್ಟೇ, ಅದೂ ತಂದೆ ತೀರಿಕೊಂಡು ಒಂದು ವರ್ಷವಾದ ಬಳಿಕ, ಹಕ್ಕು ಬಿಡುಗಡೆಗೆ ಅವಕಾಶವಿರಲಿ. ನೋಂದಣಾಧಿಕಾರಿ ಆಕೆಯನ್ನು ಪ್ರತ್ಯೇಕವಾಗಿ ಕರೆದು, ಬಿಡುತ್ತಿರುವ ಭೂಮಿಯ ವಿಸ್ತೀರ್ಣ ಮತ್ತು ಸರ್ಕಾರಿ ಮಾರ್ಗಸೂಚಿ ಬೆಲೆಯನ್ನು ಓದಿ ಹೇಳಲಿ. ಎಲ್ಲ ತಿಳಿದೂ ಬಿಡುವೆನೆಂದರೆ ಅದು ಆಕೆಯ ಇಷ್ಟ. ಇವುಗಳಲ್ಲಿ ಯಾವುದಕ್ಕೂ ದೊಡ್ಡ ವೆಚ್ಚವಿಲ್ಲ.

ಉಳಿದದ್ದು ಮನೆಯೊಳಗಿನ ಕೆಲಸ. ಮೂವರೂ ಸಮ ಎಂದರೆ ತಲಾ ಆರು ಎಕರೆ. ಹಾಗಾಗಿ ನನ್ನ ಒಂಬತ್ತರಲ್ಲಿ ಮೂರು ಅಕ್ಕನದು. ಆ ಮೂರು ಎಕರೆಯನ್ನು 2021ರಲ್ಲಿ ದಾನಪತ್ರದ ಮೂಲಕ ಆಕೆಯ ಹೆಸರಿಗೆ ಮಾಡಿಸಿದೆ. ದಾನಪತ್ರ ಎಂಬ ಹೆಸರು ನನಗೆ ಒಪ್ಪಿಗೆಯಾಗಲಿಲ್ಲ, ಬಾಕಿ ತೀರಿಸುವುದನ್ನು ಯಾರೂ ದಾನವೆನ್ನುವುದಿಲ್ಲ. ಆದರೆ ಕಾನೂನಿನಲ್ಲಿ ನನಗೆ ಸಿಕ್ಕ ದಾರಿ ಅದೊಂದೇ. ತಮ್ಮ ಇನ್ನೂ ಮನಸ್ಸು ಮಾಡಿಲ್ಲ. ಅವನ ಮೇಲೆ ಕೋಪಗೊಳ್ಳುವ ಅರ್ಹತೆ ನನಗಿಲ್ಲ; ನಾನೇ ಇಪ್ಪತ್ತಮೂರು ವರ್ಷ ತೆಗೆದುಕೊಂಡೆ.

ಉತಾರ ಕೈಗಿತ್ತಾಗ ಅಕ್ಕ ಕನ್ನಡಕ ಹಾಕಿಕೊಂಡು ತನ್ನ ಹೆಸರನ್ನು ಎರಡು ಸಲ ಓದಿದಳು. ಆಮೇಲೆ, ‘ಅಪ್ಪನ ಹೆಸರೂ ಐತೆಲ್ಲೋ ಇದರಾಗ’ ಎಂದಳು. ನಲವತ್ತು ವರ್ಷಗಳಿಗೂ ಹೆಚ್ಚು ಕಾಲ ಎಲ್ಲ ಕಾಗದಗಳಲ್ಲಿ ಇಂಥವರ ಹೆಂಡತಿ ಎಂದೇ ಬರೆಸಿಕೊಂಡ ಆಕೆ, ಇಂಥವರ ಮಗಳು ಎಂದು ತನ್ನನ್ನು ಕಂಡದ್ದು ಆ ಒಂದು ಹಾಳೆಯಲ್ಲಿ. ಮುಂದಿನ ರಜೆಗೆ ಮೊಮ್ಮಗಳು ಬಂದಾಗ ಅವಳ ಪ್ರಶ್ನೆಗೆ ಪೂರ್ತಿ ಉತ್ತರ ಹೇಳಬೇಕೆಂದಿದ್ದೇನೆ. ಎರಡೂ ಕಾಗದಗಳನ್ನು ಅವಳ ಮುಂದಿಡುತ್ತೇನೆ.